ವ್ಯವಹಾರ ದತ್ತಾಂಶ ವಿಶ್ಲೇಷಣೆ

ಮಾರಾಟ, ದಾಸ್ತಾನು, ಗ್ರಾಹಕರ ವರ್ತನೆ ಮೊದಲಾದವುಗಳ ದಾಖಲೆಗಳನ್ನು ಪರಿಶೀಲಿಸಿ ಉದ್ಯಮದ ನಿರ್ಧಾರಗಳಿಗೆ ಆಧಾರ ಒದಗಿಸುವ ವಿಧಾನ. ಇದರಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಗಳನ್ನು ಗುರುತಿಸುತ್ತಾರೆ. ನಡೆದದ್ದನ್ನು ತಿಳಿಸುವುದು ವಿವರಣಾತ್ಮಕ. ಅದರ ಕಾರಣ ಹುಡುಕುವುದು ಕಾರಣಶೋಧಕ. ಮುಂದಾಗಬಹುದಾದದ್ದನ್ನು ಅಂದಾಜಿಸುವುದು ಮುನ್ಸೂಚಕ. ಮಾಡಬೇಕಾದದ್ದನ್ನು ಸೂಚಿಸುವುದು ನಿರ್ದೇಶಾತ್ಮಕ. ತಿಂಗಳ ಮಾರಾಟದ ಪಟ್ಟಿ ಮೊದಲನೆಯದಕ್ಕೆ ಸೇರುತ್ತದೆ. ಒಂದೇ ಮಳಿಗೆಯಲ್ಲಿ ಮಾರಾಟ ಕುಸಿದಾಗ ಬೆಲೆ, ಸರಬರಾಜು, ಪೈಪೋಟಿಗಳನ್ನು ಬಿಡಿಬಿಡಿಯಾಗಿ ನೋಡುವುದು ಎರಡನೆಯದಕ್ಕೆ.

ಮುನ್ಸೂಚಕ ವಿಶ್ಲೇಷಣೆಗೆ ಪ್ರಸಿದ್ಧ ಉದಾಹರಣೆ ಅಮೆರಿಕದ ವಾಲ್‌ಮಾರ್ಟ್. 2004ರಲ್ಲಿ ಫ್ರಾನ್ಸೆಸ್ ಚಂಡಮಾರುತ ಫ್ಲಾರಿಡಾ ತಲುಪುವ ಮುನ್ನ, ಕೆಲವೇ ವಾರಗಳ ಹಿಂದೆ ಬೀಸಿದ್ದ ಚಾರ್ಲಿ ಚಂಡಮಾರುತದ ಕಾಲದ ಮಾರಾಟವನ್ನು ಅದು ಪರಿಶೀಲಿಸಿತು. ಬಿರುಗಾಳಿಗೆ ಮೊದಲು ಸ್ಟ್ರಾಬೆರಿ ಪಾಪ್-ಟಾರ್ಟ್ಸ್ ತಿನಿಸು ಎಂದಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಖರ್ಚಾಗುತ್ತದೆ, ಎಲ್ಲಕ್ಕಿಂತ ಹೆಚ್ಚು ಬಿಕರಿಯಾಗುವುದು ಬಿಯರ್ ಎಂದು ತಿಳಿದು, ಆ ಸರಕನ್ನು ಲಾರಿಗಳಲ್ಲಿ ಮುಂಚಿತವಾಗಿ ಕಳುಹಿಸಿತು. ಯುಪಿಎಸ್ ಕೊರಿಯರ್ ಸಂಸ್ಥೆಯ ಓರಿಯನ್ ತಂತ್ರಾಂಶ ನಿರ್ದೇಶಾತ್ಮಕ ಬಗೆಯದು: ಚಾಲಕರು ದಿನದ ವಿಳಾಸಗಳಿಗೆ ಯಾವ ಸರದಿಯಲ್ಲಿ ಹೋಗಬೇಕೆಂಬುದನ್ನು ಅದೇ ಗೊತ್ತುಮಾಡುತ್ತದೆ. ಈ ಯೋಜನೆಗೆ 2016ರ ಫ್ರಾನ್ಜ್ ಎಡೆಲ್‌ಮನ್ ಪ್ರಶಸ್ತಿ ದೊರೆಯಿತು.

ಮಿತಿಗಳು: ದಾಖಲೆ ತಪ್ಪಿದ್ದರೆ ತೀರ್ಮಾನವೂ ತಪ್ಪುತ್ತದೆ. ಎರಡು ಅಂಕಿಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಹಿಂದೆಂದೂ ಕಾಣದ ಪರಿಸ್ಥಿತಿ ಎದುರಾದರೆ ಹಳೆಯ ದತ್ತಾಂಶ ನೆರವಿಗೆ ಬರುವುದು ಕಡಿಮೆ.