ಸಪ್ತಕೋಟೀಶ್ವರನ ಕಲ್ಲುಗಳನ್ನು ಹುಡುಕುತ್ತ

ಗೋವೆಯ ಕದಂಬರ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಅರಸನ ಬಿರುದು. ಸಪ್ತಕೋಟೀಶ್ವರನಿಂದ ವರಪ್ರಸಾದ ಪಡೆದವನು ಎಂಬುದು ಅದರ ತಾತ್ಪರ್ಯ. ಜೆ.ಎಫ್. ಫ್ಲೀಟ್ ಪ್ರಕಟಿಸಿದ ಈ ವಂಶದ ಶಾಸನಗಳಲ್ಲೂ, 1931ರಲ್ಲಿ ಬಂದ ಜಾರ್ಜ್ ಮೊರೆಸ್ ಅವರ ‘ದಿ ಕದಂಬ ಕುಲ’ ಗ್ರಂಥದಲ್ಲೂ ಇದೇ ದೇವರು ಮತ್ತೆ ಮತ್ತೆ ಎದುರಾಗುತ್ತಾನೆ. ಈ ಅರಸರ ಇನ್ನೊಂದು ರಾಜಧಾನಿ ಹಲಸಿ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಅವರ ಕುಲದೇವರು ಇದ್ದದ್ದು ಘಟ್ಟದ ಕೆಳಗೆ, ಮಾಂಡವಿ ನದಿಯ ದಿವಾಡಿ ದ್ವೀಪದಲ್ಲಿ. ಆ ದೇಗುಲ ಇವತ್ತು ಇಲ್ಲ. ಕೆಡವಿದ ಮೇಲೆ ಅದರಲ್ಲಿ ಏನೇನು ಉಳಿಯಿತು, ಯಾರು ಉಳಿಸಿದರು ಎಂದು ದಾಖಲೆಗಳಲ್ಲಿ ಹುಡುಕತೊಡಗಿದೆ.

ಹುಡುಕಾಟಕ್ಕೆ ಘಟ್ಟದ ಮೇಲಿನ ಕ್ಯಾಸಲ್‌ರಾಕ್ ಒಳ್ಳೆಯ ಆರಂಭ. 1961ರವರೆಗೆ ಇದು ಪೋರ್ಚುಗೀಸ್ ಗೋವೆಯ ಗಡಿಗೆ ಹೊಂದಿಕೊಂಡಿದ್ದ ನಿಲ್ದಾಣ. 1888ರ ಹೊತ್ತಿಗೆ ಮುರಗಾಂವ್ ಬಂದರಿನಿಂದ ಹಳಿ ಇಲ್ಲಿಗೆ ಬಂದಿತ್ತು. ಇಲ್ಲಿಂದ ಕುಳೆವರೆಗಿನ ಇಳಿಜಾರು ಎಷ್ಟು ಕಡಿದೆಂದರೆ ರೈಲಿಗೆ ಹೆಚ್ಚಿನ ಎಂಜಿನ್ ಜೋಡಿಸದೆ ಸಾಗಿಸುವಂತಿಲ್ಲ. ಇದೇ ಘಟ್ಟದ ಬುಡದ ಕಾಡಿನಲ್ಲಿ ತಾಂಬಡಿ ಸುರ್ಲಾದ ಮಹಾದೇವ ದೇಗುಲವಿದೆ. ಕದಂಬರ ಕಾಲದ ಈ ಕಟ್ಟಡ ದೂರದ ಕಾಡಿನೊಳಗೆ ಇದ್ದುದರಿಂದಲೇ ಉಳಿಯಿತು. ಗೋವೆಯ ನೆಲದಲ್ಲಿ ಎಲ್ಲೆಲ್ಲೂ ಕೆಂಪು ಜಂಬಿಟ್ಟಿಗೆ. ದೇಗುಲದ್ದು ಮಾತ್ರ ನಯವಾದ ಕರಿಗಲ್ಲು. ಆ ಕಲ್ಲನ್ನು ಘಟ್ಟದ ಮೇಲಿನಿಂದ ಇಳಿಸಿದರೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ರೈಲು, ಡಾಂಬರು ರಸ್ತೆ ಯಾವುದೂ ಇಲ್ಲದ ಕಾಲದಲ್ಲಿ ಆ ಕಂಬಗಳನ್ನು ಇಳಿಸಿದ ಜನರನ್ನು ನೆನೆದರೆ ಎದೆ ತುಂಬಿ ಬರುತ್ತದೆ. ಕೆಡವಿದ ಗುಡಿಗಳ ತುಣುಕುಗಳನ್ನು ಗುರುತಿಸಬೇಕಾದರೆ ಕೆಡವದೆ ಉಳಿದ ಈ ಗುಡಿಯೇ ಅಳತೆಗೋಲು. ಗರ್ಭಗುಡಿಯ ಮುಂದಿನ ಅಂತರಾಳದಲ್ಲಿ ಹೂವಿನ ವಿನ್ಯಾಸದ ಕಲ್ಲಿನ ಜಾಲಂಧ್ರಗಳಿವೆ, ಅಂದರೆ ಜಾಲರಿ ಕಿಟಕಿಗಳು. ಅವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಪ್ತಕೋಟೀಶ್ವರ ಬಿದ್ದದ್ದು ಒಂದೇ ಸಲವಲ್ಲ. 14ನೇ ಶತಮಾನದಲ್ಲಿ ಬಹಮನಿ ಸೈನ್ಯ ಗೋವೆಯನ್ನು ಹಿಡಿದಾಗ ದೇಗುಲ ಹಾಳಾಯಿತು. ಆಮೇಲೆ ವಿಜಯನಗರದ ಮಾಧವಮಂತ್ರಿ ಗೋವೆಯನ್ನು ಗೆದ್ದು, ಕಿತ್ತುಹೋಗಿದ್ದ ಸಪ್ತನಾಥ (ಅಂದರೆ ಸಪ್ತಕೋಟೀಶ್ವರ) ಮೊದಲಾದ ದೇವರನ್ನು ಮರಳಿ ಪ್ರತಿಷ್ಠೆ ಮಾಡಿದ. 1391ರ ತಾಮ್ರಶಾಸನದ ಸಾಕ್ಷ್ಯ ಇದು. ಹಳೆಯ ಬರಹಗಳನ್ನು ಓದುವವರು ಇಲ್ಲಿ ಎಚ್ಚರವಾಗಿರಬೇಕು. ಈ ಮಾಧವನನ್ನೂ ಸಾಯಣನ ಅಣ್ಣ ಮಾಧವಾಚಾರ್ಯರನ್ನೂ ಬಹುಕಾಲ ಒಬ್ಬರೇ ಎಂದು ಬರೆಯಲಾಗುತ್ತಿತ್ತು. ಇಬ್ಬರೂ ಬೇರೆ ಎಂದು ಬಿಡಿಸಿ ತೋರಿಸಿದವರಲ್ಲಿ ನಮ್ಮ ಆರ್. ನರಸಿಂಹಾಚಾರ್ಯರು ಮುಖ್ಯರು. ಆ ಸ್ಪಷ್ಟತೆ ಸಿಕ್ಕ ಮೇಲೆಯೇ ಗೋವೆಯ ಜೀರ್ಣೋದ್ಧಾರದ ಕೀರ್ತಿ ಅದು ಸಲ್ಲಬೇಕಾದ ಮಂತ್ರಿಗೆ ಸಂದಿತು.

ಎರಡನೆಯ ಪೆಟ್ಟು 1540ರಲ್ಲಿ. ಪೋರ್ಚುಗೀಸರು ತಮ್ಮ ಕೈಯಲ್ಲಿದ್ದ ದ್ವೀಪಗಳ ಗುಡಿಗಳನ್ನು ಕೆಡವಿಸಿದರು. ಲಿಂಗವನ್ನು ಬಾವಿಯ ಕಟ್ಟೆಯಲ್ಲಿ ನೀರು ಸೇದುವ ಹಗ್ಗಕ್ಕೆ ಆಸರೆಯಾಗಿ ಬಳಸಿದರೆಂಬ ಕಥನ ಬಲವಾಗಿದೆ. ಭಕ್ತರು ಅದನ್ನು ಗುಟ್ಟಾಗಿ ಹೊಳೆ ದಾಟಿಸಿ ಡಿಚೋಲಿ ಸೀಮೆಯ ನಾರ್ವೆಗೆ ಒಯ್ದರು. ಆಚೆ ದಡ ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದರಿಂದ ಪೋರ್ಚುಗೀಸರ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಈ ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಕದಂಬರ ಕುಲದೇವರಿಗೆ ನೆಲೆ ಸಿಕ್ಕಿದ್ದು ಸುಲ್ತಾನನ ಸೀಮೆಯಲ್ಲಿ. 1668ರ ನವೆಂಬರ್‌ನಲ್ಲಿ ಶಿವಾಜಿ ಅಲ್ಲಿಯ ಗುಡಿಯನ್ನು ಹೊಸದಾಗಿ ಕಟ್ಟಿಸಲು ಆರಂಭಿಸಿದ್ದನ್ನು ಬಾಗಿಲ ಮೇಲಿನ ಶಾಸನ ಹೇಳುತ್ತದೆ. ಹಲವು ಮುಖಗಳಿರುವ ಆ ಧಾರಾಲಿಂಗಕ್ಕೆ ಇಂದೂ ಪೂಜೆ ನಡೆಯುತ್ತಿದೆ. 2023ರಲ್ಲಿ ಗೋವಾ ಸರ್ಕಾರ ಗುಡಿಯ ದುರಸ್ತಿಯನ್ನೂ ಮುಗಿಸಿತು.

ಲಿಂಗ ಸಿಕ್ಕಿತು ಸರಿ, ಕಟ್ಟಡ ಎಲ್ಲಿ? ಇದಕ್ಕೆ ಪಣಜಿಯ ಪತ್ರಾಗಾರದ ದಾರಿ ಹಿಡಿಯಬೇಕು. 1595ರಲ್ಲಿ ದಿಯೊಗೊ ದೊ ಕೌತೊ ಕೈಯಲ್ಲಿ ಶುರುವಾದ ಸಂಸ್ಥೆ ಅದು. ಅದೇ ವರ್ಷ ಫ್ರಾನ್ಸಿಸ್ಕೊ ಪಾಯಿಸ್ ಸಿದ್ಧಪಡಿಸಿದ ‘ತೊಂಬೊ’ ಎಂಬ ಜಮೀನು ದಫ್ತರು ಗೋವೆ ಹಾಗೂ ಸುತ್ತಲಿನ ದ್ವೀಪಗಳದ್ದು. ಗುಡಿ ಹೋದರೂ ಗುಡಿಯ ಹೊಲ ಹೋಗುವುದಿಲ್ಲ. ಅದರ ಗೇಣಿ ಯಾರಿಗೆ ಸಲ್ಲಬೇಕೆಂದು ಸರ್ಕಾರ ಬರೆದಿಟ್ಟುಕೊಳ್ಳಲೇಬೇಕಿತ್ತು. ಕೆಡವಿದವರ ಕಂದಾಯದ ಲೆಕ್ಕದಲ್ಲೇ ಕೆಡವಿದ ದೇವರ ವಿಳಾಸ ಉಳಿದುಕೊಂಡಿದೆ. ಗೋವೆಯ ಹಳ್ಳಿ ಲೆಕ್ಕಪತ್ರಗಳಲ್ಲಿ ಎಷ್ಟೋ ಗೋಯ್‌ಕಾನಡಿಯಲ್ಲಿವೆ, ಅಂದರೆ ಕನ್ನಡದ ಬಳಗಕ್ಕೇ ಸೇರಿದ ಲಿಪಿಯಲ್ಲಿ. ಹಳಗನ್ನಡ ಲಿಪಿ ಬಲ್ಲ ನಮ್ಮ ತರುಣರು ಈ ಕಡತಗಳ ಕಡೆ ತಿರುಗಬೇಕೆಂಬುದು ನನ್ನ ಆಸೆ.

ಕಲ್ಲುಗಳ ಸಾಕ್ಷ್ಯ ಇನ್ನೂ ಜಟಿಲ. ದಿವಾಡಿಯಲ್ಲಿ ಪಿಯೆದಾದೆ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ. ಅದರ ಕೆತ್ತನೆಯ ಕಲ್ಲು ಛಾವಣಿ ಮತ್ತು ಜಾಲರಿ ಕಿಟಕಿ ಕದಂಬ ಕಾಲದ ದೇಗುಲದವು ಎಂದು ಪ್ರಸಿದ್ಧ. ಇವು ಸಪ್ತಕೋಟೀಶ್ವರನವೇ ಎಂದುಬಿಡಲು ಮನಸ್ಸು ಹಾತೊರೆಯುತ್ತದೆ. ಹಾಗೆ ಹೇಳುವುದು ಸಲ್ಲ. ಆ ಗುಡ್ಡದ ಮೇಲೆ ಗಣಪತಿ ಗುಡಿ ಇತ್ತು, ಆ ಮೂರ್ತಿ ಈಗ ಖಾಂಡೋಳೆಯಲ್ಲಿದೆ ಎಂಬುದು ಸ್ಥಳೀಯರ ನಂಬಿಕೆ. ಸಪ್ತಕೋಟೀಶ್ವರನ ಜಾಗ ದ್ವೀಪದ ಇನ್ನೊಂದು ತುದಿಯಲ್ಲಿ, ಕೋಟಿತೀರ್ಥದ ಪುಷ್ಕರಣಿಯ ಬಳಿ. ಹಳೆಗೋವೆಯಲ್ಲಿ ಆದಿಲಶಾಹನ ಅರಮನೆಯದೆಂದು ತೋರಿಸುವ ಒಂಟಿ ಹೆಬ್ಬಾಗಿಲೂ ಹೀಗೆಯೇ. ಚೌಕಟ್ಟಿನ ಕಂಬ, ತೊಲೆ, ಪಕ್ಕದ ಜಾಲರಿ ಎಲ್ಲ ದೇಗುಲದ ಕೆಲಸ. ಯಾವ ದೇಗುಲದ್ದೆಂಬ ಬರಹ ಮಾತ್ರ ಕಲ್ಲಿನ ಮೇಲಿಲ್ಲ. ಆ ಬಾಗಿಲಿನಿಂದ ಸುಲ್ತಾನರ ಅಧಿಕಾರಿಗಳೂ ಪೋರ್ಚುಗೀಸ್ ವೈಸರಾಯ್‌ಗಳೂ ಓಡಾಡಿದರು. ಅರಮನೆ ನೆಲಸಮವಾದ ಮೇಲೂ ಬಾಗಿಲು ನಿಂತಿತು.

ಚರ್ಚುಗಳೂ ಉಳಿಯಲಿಲ್ಲ. 1835ರಲ್ಲಿ ಸಂನ್ಯಾಸಿ ಸಂಘಗಳನ್ನು ಸರ್ಕಾರ ರದ್ದುಮಾಡಿತು. ಹಳೆಗೋವೆಯ ಸಂತ ಅಗಸ್ಟೀನರ ಚರ್ಚು ಪಾಳುಬಿದ್ದು, 1842ರಲ್ಲಿ ಅದರ ಕಮಾನು ಛಾವಣಿ ಕುಸಿಯಿತು. ಅದರ ದೊಡ್ಡ ಗಂಟೆ ಅಗುವಾದ ಕೋಟೆಗೆ ಹೋಗಿ, 1871ರಲ್ಲಿ ಪಣಜಿಯ ಚರ್ಚಿಗೆ ಬಂತು. ಅದು ಎಲ್ಲಿಂದ ಬಂತೆಂದು ಇವತ್ತು ಎಲ್ಲರಿಗೂ ಗೊತ್ತು, ಏಕೆಂದರೆ ಸಾಗಿಸಿದವರು ಬರೆದಿಟ್ಟರು. ದಿವಾಡಿಯ ಛಾವಣಿಗೂ ಹಳೆಗೋವೆಯ ಹೆಬ್ಬಾಗಿಲಿಗೂ ಆ ಭಾಗ್ಯ ಇಲ್ಲ. ಅವನ್ನು ಈಗಿರುವ ಜಾಗದಿಂದ ಕೀಳಬಾರದು. ಕಿತ್ತರೆ ಉಳಿದ ಅಷ್ಟಿಷ್ಟು ಚರಿತ್ರೆಯೂ ಹೋಗುತ್ತದೆ. ದಿವಾಡಿ, ಹಳೆಗೋವೆ, ತಾಂಬಡಿ ಸುರ್ಲಾ, ಹಲಸಿ ಈ ನಾಲ್ಕು ಕಡೆಯ ಜಾಲಂಧ್ರ ಮತ್ತು ಬಾಗಿಲುವಾಡಗಳ ಅಳತೆ, ಕಲ್ಲಿನ ಜಾತಿ, ಉಳಿಗುರುತು, ಛಾಯಾಚಿತ್ರ ಎಲ್ಲ ಒಂದೇ ಕಡತಕ್ಕೆ ಬರಬೇಕು. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಂಥದ್ದು ಗೋವೆಯ ಪತ್ರಾಗಾರದ ಜೊತೆ ಕೂತು ಮಾಡಬಹುದಾದ ಕೆಲಸ ಇದು. ಮಳೆ ಬಿಡುವು ಕೊಟ್ಟ ತಿಂಗಳಲ್ಲಿ ಹಲಸಿಯಿಂದಲೇ ಶುರುಮಾಡಬಹುದು.