ಮನೆಯಿಂದಲೇ ಶಾಸ್ತ್ರೀಯ ಸಂಗೀತದ ಇಂಟರ್ನೆಟ್ ರೇಡಿಯೊ: ಖರ್ಚು ಸ್ವಲ್ಪ, ಅನುಮತಿಯ ಕೆಲಸ ಜಾಸ್ತಿ

ನಂದಿಕೂರು: ನಮ್ಮ ಕಡೆಯ ಸಂಗೀತಪ್ರಿಯರ ಮನೆಗಳಲ್ಲಿ ಒಂದು ಕಪಾಟು ಇದ್ದೇ ಇರ್ತದೆ. ಅದರಲ್ಲಿ ಸಾಲಾಗಿ ಕ್ಯಾಸೆಟ್‌ಗಳು. ಕೆಲವು ಅಂಗಡಿಯಲ್ಲಿ ತಂದವು, ಕೆಲವು ರೇಡಿಯೊದಿಂದ ತುಂಬಿಸಿಕೊಂಡವು, ಇನ್ನು ಕೆಲವು ದೇವಸ್ಥಾನದ ಉತ್ಸವದಲ್ಲೋ ಮದುವೆ ಚಪ್ಪರದಲ್ಲೋ ನಡೆದ ಕಛೇರಿಯನ್ನು ಯಾರೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದವು. ಕೇಳುವ ಯಂತ್ರ ಕೆಟ್ಟು ವರ್ಷಗಳಾಗಿವೆ. ಟೇಪಿನ ಮೇಲೆ ಬಿಳಿ ಬೂಷ್ಟು ಕಟ್ಟಿದೆ. ಇದನ್ನೆಲ್ಲ ಊರಿನವರೂ ಮುಂಬಯಿ, ದುಬಾಯಿಯಲ್ಲಿರುವ ನಮ್ಮವರೂ ಕೇಳುವ ಹಾಗೆ ಒಂದು ರೇಡಿಯೊ ಮಾಡಿದರೆ ಹೇಗೆ ಎಂಬ ಯೋಚನೆ ಹಲವರಿಗೆ ಬರುವುದುಂಟು. ನಂದಿಕೂರಿನಂಥ ಊರಿನಲ್ಲಿ ಕೂತು ಜಾಹೀರಾತಿಲ್ಲದ ಸಂಗೀತ ರೇಡಿಯೊ ನಡೆಸಬಹುದಾ? ನಡೆಸಬಹುದು. ಯಂತ್ರದ ಭಾಗ ನೀವು ಅಂದುಕೊಂಡದ್ದಕ್ಕಿಂತ ಸುಲಭ. ಕಷ್ಟ ಇರುವುದು ಬೇರೆ ಕಡೆ.

ಮನೆಯಿಂದ ರೇಡಿಯೊ ನಡೆಸುವುದು ಕನ್ನಡಿಗರಿಗೆ ಹೊಸತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಲಾಭದ ಉದ್ದೇಶ ಇರಲಿಲ್ಲ. ಇಂದು ದೇಶಕ್ಕೆಲ್ಲ ಗೊತ್ತಿರುವ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಮನೆಯ ರೇಡಿಯೊದಿಂದಲೇ. 1942ರಲ್ಲಿ ಅದನ್ನು ಮೈಸೂರು ಸರಕಾರ ವಹಿಸಿಕೊಂಡಿತು. ನಮ್ಮ ಜಿಲ್ಲೆಯವರು ನೆಚ್ಚಿಕೊಂಡ ಮಂಗಳೂರು ಆಕಾಶವಾಣಿ ಬಂದದ್ದು ಬಹಳ ತಡವಾಗಿ, 1976ರಲ್ಲಿ.

ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ವಾಹಿನಿಗಳ ಕತೆಯನ್ನೂ ನೆನಪಿಡಬೇಕು. ಉಪಗ್ರಹದ ಮೂಲಕ ಬರುತ್ತಿದ್ದ ವರ್ಲ್ಡ್‌ಸ್ಪೇಸ್ ರೇಡಿಯೊದಲ್ಲಿ ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದುಸ್ತಾನಿಗೆ ‘ಗಂಧರ್ವ’ ಎಂಬ ವಾಹಿನಿಗಳಿದ್ದವು. ಚಂದಾ ಕಟ್ಟಿ, ವಿಶೇಷ ಸೆಟ್ ಕೊಂಡು ಕೇಳಿದವರು ನಮ್ಮಲ್ಲೂ ಇದ್ದರು. 2009ರ ಡಿಸೆಂಬರ್ ಕೊನೆಗೆ ಕಂಪನಿ ಭಾರತದ ಸೇವೆ ನಿಲ್ಲಿಸಿತು, ಸೆಟ್‌ಗಳು ಶೋಕೇಸಿಗೆ ಹೋದವು. 2016ರ ಜನವರಿ 26ರಂದು ಆಕಾಶವಾಣಿ ಬೆಂಗಳೂರಿನಿಂದ ‘ರಾಗಂ’ ಎಂಬ 24 ಗಂಟೆಯ ವಾಹಿನಿ ಆರಂಭಿಸಿತು. ಮೊಬೈಲಿನಲ್ಲಿ ಕೇಳುವುದಷ್ಟೇ ಬೇಕಾದವರಿಗೆ ಅದು ಸಾಕು, ಹೊಸ ರೇಡಿಯೊ ಬೇಡ. ಆದರೆ ಪರ್ಕಳದಲ್ಲೋ ಕಾಪುವಿನಲ್ಲೋ ಹಾಡಿದವರ ಕಛೇರಿ ಅಲ್ಲಿ ದಿನಾ ಬರುವುದಿಲ್ಲ. ಊರಿನ ರೇಡಿಯೊಗೆ ಜಾಗ ಇರುವುದು ಅಲ್ಲಿ.

ಲೈಸೆನ್ಸ್ ಬೇಕಾ?

ಎಫ್‌ಎಂನಲ್ಲಿ ಪ್ರಸಾರ ಮಾಡಬೇಕಾದರೆ ಕೇಂದ್ರ ಸರಕಾರದ ಅನುಮತಿ ಬೇಕೇ ಬೇಕು. ಸಮುದಾಯ ರೇಡಿಯೊ ಪರವಾನಗಿ ವ್ಯಕ್ತಿಗಳಿಗೆ ಸಿಗುವುದಿಲ್ಲ, ಶಿಕ್ಷಣ ಸಂಸ್ಥೆ ಅಥವಾ ನೋಂದಾಯಿತ ಸೇವಾಸಂಸ್ಥೆ ಆಗಿರಬೇಕು. ಮಣಿಪಾಲದ 90.4 ಆ ಬಗೆಯದ್ದು. ಇಂಟರ್ನೆಟ್ ರೇಡಿಯೊ ತರಂಗಾಂತರ ಬಳಸುವುದಿಲ್ಲವಾದ್ದರಿಂದ ಆ ಪರವಾನಗಿಯ ಪ್ರಶ್ನೆ ಬರುವುದಿಲ್ಲ. ಒಂದು ಮಾತು: ಸಂಗೀತದ ನಡುವೆ ಸುದ್ದಿ ಓದುವ ಆಸೆ ಬೇಡ. ಡಿಜಿಟಲ್ ಸುದ್ದಿಗೆ 2021ರ ಐಟಿ ನಿಯಮಗಳು ಬೇರೆಯೇ ಉಂಟು.

ಹಾಗಂತ ಏನು ಬೇಕಾದರೂ ಹಾಕಬಹುದು ಎಂದಲ್ಲ. ‘ನಾವು ದುಡ್ಡು ಮಾಡುವುದಿಲ್ಲ, ಜಾಹೀರಾತೂ ಇಲ್ಲ, ನಮಗೆ ಕಾಪಿರೈಟ್ ಬಾಧಿಸುವುದಿಲ್ಲ’ ಎಂದು ನಂಬಿದವರು ಬಹಳ ಜನ. ಇದು ತಪ್ಪು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡುವ ಅವಕಾಶ ಕೋರ್ಟಿಗಿದೆ, ಅಷ್ಟೆ. ಟಿಕೆಟ್ ಇಲ್ಲದ ಭಜನೆ, ಹವ್ಯಾಸಿ ಸಂಘದ ಕಾರ್ಯಕ್ರಮಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನು ಇಡೀ ಜಗತ್ತಿಗೆ ಕೇಳುವ ಇಂಟರ್ನೆಟ್ ಪ್ರಸಾರಕ್ಕೂ ಎಳೆದು ತರುವುದು ಅಪಾಯ.

ಎಫ್‌ಎಂ ಕೇಂದ್ರಗಳು ನಿಗದಿತ ಗೌರವಧನ ಕಟ್ಟಿ ಯಾವ ಹಾಡನ್ನಾದರೂ ಹಾಕಲು 31ಡಿ ಸೆಕ್ಷನ್ ದಾರಿ ಕೊಡುತ್ತದೆ. ಇಂಟರ್ನೆಟ್ ಸ್ಟ್ರೀಮಿಂಗಿಗೆ ಆ ದಾರಿ ಇಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್–ವಿಂಕ್ ಪ್ರಕರಣದಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಹಕ್ಕು ಜೀವಂತ ಇರುವ ಕ್ಯಾಸೆಟ್, ಸಿಡಿ ಹಾಕಬೇಕಾದರೆ ಕಂಪನಿಯಿಂದಲೋ ಅದರ ಪರವಾಗಿ ಲೈಸೆನ್ಸ್ ಕೊಡುವ ಸಂಸ್ಥೆಯಿಂದಲೋ ಒಪ್ಪಿಗೆ ಪಡೆಯಬೇಕು. ಕೃತಿಯ ಸಾಹಿತ್ಯ, ಸಂಗೀತಕ್ಕೆ ಐಪಿಆರ್‌ಎಸ್ ಬೇರೆ. ಮನೆಯ ರೇಡಿಯೊಗೆ ಅದು ಕೈಗೆಟಕುವ ವಿಷಯ ಅಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಹಾಗಾದರೆ ಹಾಕುವುದು ಎಂತ?

ಎರಡು ಪದರ ಇದೆ. ಮೊದಲನೆಯದು ಕೃತಿ, ಎರಡನೆಯದು ಆ ಕೃತಿಯ ಧ್ವನಿಮುದ್ರಣ. ಎರಡನ್ನೂ ಪ್ರತ್ಯೇಕ ನೋಡಬೇಕು.

ಕೃತಿಯ ಹಕ್ಕು ರಚನಕಾರರ ಮರಣದ ನಂತರ 60 ವರ್ಷ. ಪುರಂದರದಾಸರು, ಕನಕದಾಸರು, ವಾದಿರಾಜರು, ತ್ಯಾಗರಾಜ–ದೀಕ್ಷಿತ–ಶ್ಯಾಮಾಶಾಸ್ತ್ರಿಗಳ ವಿಷಯದಲ್ಲಿ ಯೋಚನೆಯೇ ಬೇಡ. ಮುತ್ತಯ್ಯ ಭಾಗವತರ್ 1945ರಲ್ಲಿ ತೀರಿಕೊಂಡರು, ಅವರದ್ದೂ ಮುಗಿದಿದೆ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಅವರ ಕೃತಿಗಳು 2022ರ ಜನವರಿಯಿಂದ ಮುಕ್ತ. ಆದರೆ ಪಾಪನಾಶಂ ಶಿವನ್ 1973, ಜಯಚಾಮರಾಜ ಒಡೆಯರ್ 1974, ಡಿ.ವಿ.ಜಿ. 1975. ಇವರ ರಚನೆಗಳ ಹಕ್ಕು 2033, 2034, 2035ರ ಕೊನೆಯವರೆಗೆ ಇದೆ. ದೇವರನಾಮದಲ್ಲೂ ಒಂದು ಸಿಕ್ಕು ಉಂಟು. ಪದ ದಾಸರದ್ದೇ ಆದರೂ ಈಗ ಹಾಡುವ ಧಾಟಿಯನ್ನು ಇತ್ತೀಚಿನವರು ಕೂರಿಸಿರಬಹುದು.

ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ. 1960ರಲ್ಲಿ ಮಾರುಕಟ್ಟೆಗೆ ಬಂದ ಡಿಸ್ಕಿನ ಹಕ್ಕು 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅಂದರೆ 78 ಆರ್‌ಪಿಎಂ ಕಾಲದ ದೊಡ್ಡ ಭಂಡಾರ ತೆರೆದಿದೆ. ಅಬ್ದುಲ್ ಕರೀಂ ಖಾನರ ಡಿಸ್ಕ್‌ಗಳು, ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಹಾಡಿದವು, ಗಂಗೂಬಾಯಿ ಹಾನಗಲ್ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಕೊಟ್ಟವು. ಒಂದು ಬದಿಗೆ ಸುಮಾರು ಮೂರೂವರೆ ನಿಮಿಷ. ಅಷ್ಟರೊಳಗೆ ಒಂದು ರಾಗವನ್ನು ಕಣ್ಣೆದುರು ನಿಲ್ಲಿಸಿ ಹೋಗುತ್ತಿದ್ದರು ಮಾರಾಯ್ರೆ, ಕೇಳಿದರೇ ಗೊತ್ತಾಗುವುದು! ಮೂಲ ಡಿಸ್ಕಿನಿಂದಲೇ ಪ್ರತಿ ಮಾಡಿ. ಕಂಪನಿ ಇತ್ತೀಚೆಗೆ ಶುದ್ಧ ಮಾಡಿ ತಂದ ಸಿಡಿಯಿಂದ ತೆಗೆದರೆ ಹೊಸ ತಕರಾರಿಗೆ ದಾರಿ. ಅಮೆರಿಕದ ಲೆಕ್ಕ ಬೇರೆ, ಅಲ್ಲಿ 1947ರಿಂದ 1956ರ ನಡುವಿನ ಧ್ವನಿಮುದ್ರಣಕ್ಕೆ 110 ವರ್ಷ. ಆದ್ದರಿಂದ ಸರ್ವರ್ ಭಾರತದಲ್ಲೇ ಇರಲಿ.

ರೇಡಿಯೊದಿಂದ ಮನೆಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್‌ಗಳ ಬಗ್ಗೆ ಬೇಸರದ ಸುದ್ದಿ. ಅದರಲ್ಲಿ ಪ್ರಸಾರಕರ ಹಕ್ಕು 25 ವರ್ಷ, ಕಲಾವಿದರ ಹಕ್ಕು 50 ವರ್ಷ, ಮೂಲ ಧ್ವನಿಮುದ್ರಣದ ಹಕ್ಕು ಮತ್ತೆ ಬೇರೆ. ಪ್ರಸಾರ ಭಾರತಿಯ ಒಪ್ಪಿಗೆ ಇಲ್ಲದೆ ಹಾಕಬೇಡಿ. ಮನೆಯಲ್ಲಿ ಕೇಳಲು ಅಡ್ಡಿಯಿಲ್ಲ. ಯಕ್ಷಗಾನ ಕೇಳುವವರು ಕಾಳಿಂಗ ನಾವಡರ ಕ್ಯಾಸೆಟ್ ಹಾಕಿ ಎಂದು ಕೇಳಿಯೇ ಕೇಳುತ್ತಾರೆ. ನಾವಡರು 1990ರಲ್ಲಿ ತೀರಿಕೊಂಡರೂ ಆ ಕ್ಯಾಸೆಟ್‌ಗಳ ಹಕ್ಕು ಇನ್ನೂ ಜೀವಂತ.

ಒಪ್ಪಿಗೆ ಪತ್ರ

ಉಳಿದದ್ದು ಊರಿನ ಕಛೇರಿಗಳು. ಈ ರೇಡಿಯೊದ ನಿಜವಾದ ಸೊತ್ತು ಇದೇ. ಕಲಾವಿದರ ಹಕ್ಕು ಪ್ರಮುಖ ಗಾಯಕರದ್ದು ಮಾತ್ರ ಅಲ್ಲ. ಪಿಟೀಲು, ಮೃದಂಗ, ಘಟ, ತಬಲಾ, ಹಾರ್ಮೋನಿಯಂ ನುಡಿಸಿದವರದ್ದೂ ಹೌದು. ಸಂಘಟಕರ ಮತ್ತು ಟೇಪ್ ಮಾಡಿದವರ ಒಪ್ಪಿಗೆಯೂ ಬೇಕು. ಕಲಾವಿದರು ತೀರಿಕೊಂಡಿದ್ದರೆ ಮಕ್ಕಳನ್ನು ಕೇಳಬೇಕು. ಫೋನಿನಲ್ಲಿ ‘ಹಾಕಿ ಹಾಕಿ, ತೊಂದರೆ ಇಲ್ಲ’ ಎಂದರೆ ಸಾಲದು.

ಪತ್ರ ಉದ್ದ ಬೇಡ. ಯಾವ ದಿನದ, ಯಾವ ಸ್ಥಳದ ಕಛೇರಿ. ಜಾಹೀರಾತಿಲ್ಲದ ಇಂಟರ್ನೆಟ್ ರೇಡಿಯೊದಲ್ಲಿ ಪ್ರಸಾರಕ್ಕೆ ಒಪ್ಪಿಗೆ. ಡೌನ್‌ಲೋಡ್‌ಗೆ, ಮಾರಾಟಕ್ಕೆ, ಯೂಟ್ಯೂಬಿಗೆ ಇಲ್ಲ. ಬೇಡವೆಂದರೆ ಇಷ್ಟು ದಿನದೊಳಗೆ ತೆಗೆಯುತ್ತೇವೆ. ಇಷ್ಟು ಸಾಕು. ಆದರೆ ಎರಡು ಶಬ್ದ ಬಿಟ್ಟರೆ ಕಷ್ಟ: ಅವಧಿ ಮತ್ತು ಪ್ರದೇಶ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆಯ ಪ್ರಕಾರ 5 ವರ್ಷ ಎಂದೇ ಅರ್ಥ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೇಳುವವರಲ್ಲಿ ಅರ್ಧ ಜನ ಗಲ್ಫಿನಲ್ಲಿದ್ದರೆ ಆ ಪತ್ರ ಅರ್ಧ ಪತ್ರ. ‘ಜಗತ್ತಿನಾದ್ಯಂತ’ ಎಂದು ಬರೆಸಿಕೊಳ್ಳಿ. ಹಿರಿಯ ಕಲಾವಿದರು ಇದ್ದಾಗಲೇ ಹೋಗಿ ಮಾತಾಡಿ, ಹೋಗುವಾಗ ಆ ಕಛೇರಿಯ ಒಂದು ಪ್ರತಿಯನ್ನು ಅವರಿಗೂ ಕೊಡಿ. ತಮ್ಮದೇ ಕಛೇರಿಯ ಪ್ರತಿ ತಮ್ಮ ಬಳಿ ಇಲ್ಲದ ಕಲಾವಿದರೇ ಹೆಚ್ಚು.

ಬೂಷ್ಟು, ಶ್ರುತಿ, ಗಾತ್ರ

ಕರಾವಳಿಯ ತೇವಕ್ಕೆ ಕ್ಯಾಸೆಟ್ ಹೆಚ್ಚು ದಿನ ನಿಲ್ಲುವುದಿಲ್ಲ. ಬೂಷ್ಟು ಹಿಡಿದದ್ದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥವನ್ನು ಬೇರೆಯೇ ಇಡಿ, ಒಣಹವೆಯ ತಿಂಗಳಲ್ಲಿ ಕೆಲಸ ಇಟ್ಟುಕೊಳ್ಳಿ, ಪ್ರತಿ ಕ್ಯಾಸೆಟ್ಟಿನ ನಂತರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. 120 ನಿಮಿಷದ ಕ್ಯಾಸೆಟ್ಟಿನ ಟೇಪು ಬಹಳ ತೆಳು, ರಿವೈಂಡ್ ಮಾಡುವಾಗ ಜಾಗ್ರತೆ.

ಕಂಪ್ಯೂಟರಿಗೆ ಏರಿಸುವಾಗ 24 ಬಿಟ್, 48 ಕಿಲೊಹರ್ಟ್ಸ್ ಇರಲಿ. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಫ್ಲಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧ. ಹಳೆ ಟೇಪ್‌ರೆಕಾರ್ಡರುಗಳ ವೇಗ ಸರಿ ಇರುತ್ತಿರಲಿಲ್ಲ, ಒಂದು ಮನೆಯಿಂದ ಆಡಿಸಿದರೆ ಗಾಯಕರ ಶ್ರುತಿ ಅರ್ಧ ಕಟ್ಟೆ ಮೇಲೆ, ಇನ್ನೊಂದರಿಂದ ಕೆಳಗೆ. ಆ ಕಲಾವಿದರು ಸಾಮಾನ್ಯವಾಗಿ ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು ಎಂದು ಗೊತ್ತಿದ್ದವರನ್ನು ಕೂರಿಸಿಕೊಂಡು ವೇಗ ಸರಿಪಡಿಸಿ. ಸದ್ದು ತೆಗೆಯುವ ಸಾಫ್ಟ್‌ವೇರ್ ಜಾಸ್ತಿ ಬಳಸಿದರೆ ಮೊದಲು ಹೋಗುವುದು ತಂಬೂರಿಯ ಝೇಂಕಾರ. ಸ್ವಲ್ಪ ಕರಕರ ಇದ್ದರೂ ಪರವಾಗಿಲ್ಲ.

ಪ್ರಸಾರದ ಯಂತ್ರ

ಐಸ್‌ಕಾಸ್ಟ್ ಎಂಬ ಉಚಿತ ತಂತ್ರಾಂಶವೇ ಹೆಚ್ಚಿನ ಸಣ್ಣ ಇಂಟರ್ನೆಟ್ ರೇಡಿಯೊಗಳ ಬೆನ್ನೆಲುಬು. ಪಟ್ಟಿ, ವೇಳಾಪಟ್ಟಿ ಎಲ್ಲ ಒಂದೇ ಕಡೆ ಬೇಕಾದವರಿಗೆ ಅಜುರಾಕಾಸ್ಟ್ ಇದೆ, ಅದೂ ಉಚಿತ. ಇದನ್ನು ಮನೆಯ ಕಂಪ್ಯೂಟರಿನಲ್ಲಿ ಓಡಿಸಬೇಡಿ, ಬಾಡಿಗೆಯ ಸರ್ವರಿನಲ್ಲಿ ಓಡಿಸಿ. ಕಾರಣ ಊರಿನವರಿಗೆ ಹೇಳಬೇಕಿಲ್ಲ. 1200 ಮೆಗಾವ್ಯಾಟಿನ ಉಷ್ಣ ಸ್ಥಾವರ ಪಕ್ಕದಲ್ಲೇ ಇದ್ದರೂ ಜೂನಿನ ಮೊದಲ ಗುಡುಗಿಗೆ ಕರೆಂಟ್ ಹೋಗುವುದು ಇದ್ದದ್ದೇ. ಹಾಡುಗಳು ಸರ್ವರಿನಲ್ಲಿದ್ದರೆ ನಿಮ್ಮ ಮನೆ ಕತ್ತಲಾದರೂ ರೇಡಿಯೊ ನಡೆಯುತ್ತಿರುತ್ತದೆ. ನೇರ ಪ್ರಸಾರದ ದಿನ ಮಾತ್ರ ರೌಟರಿಗೆ ಸಣ್ಣ ಯುಪಿಎಸ್ ಬೇಕು. ಸಿಡಿಲಿನ ಹೊತ್ತಿಗೆ ಪ್ಲಗ್ ಕಳಚಿಡುವುದು ಎಲ್ಲದಕ್ಕಿಂತ ಒಳ್ಳೆಯದು.

ಲೆಕ್ಕ ಹೀಗೆ: 64 ಕೆಬಿಪಿಎಸ್‌ನಲ್ಲಿ ಒಬ್ಬ ಕೇಳುಗ ಗಂಟೆಗೆ 28.8 ಎಂಬಿ ಬಳಸುತ್ತಾನೆ, 128ರಲ್ಲಿ 57.6. ದಿನದ ಯಾವ ಹೊತ್ತಿಗೂ ಸರಾಸರಿ 20 ಜನ 64ರಲ್ಲಿ ಕೇಳುತ್ತಿದ್ದರೆ ತಿಂಗಳಿಗೆ ಸುಮಾರು 415 ಜಿಬಿ. ತಿಂಗಳಿಗೆ ಐನೂರು–ಸಾವಿರ ರೂಪಾಯಿಯ ಸರ್ವರಿಗೆ ಇದು ಭಾರವಲ್ಲ. ಹಳೆಯ ಎಂಪಿ3 ವಿಧಾನದಲ್ಲಿ 64 ಇಟ್ಟರೆ ತಂಬೂರಿ ನೀರಿನೊಳಗಿಂದ ಕೇಳಿದ ಹಾಗಾಗುತ್ತದೆ. ಓಪಸ್ ಅಥವಾ ಎಎಸಿ ಬಳಸಿದರೆ ಅಷ್ಟರಲ್ಲೇ ಚೆನ್ನಾಗಿ ಬರುತ್ತದೆ. ಎಫ್‌ಎಂ ವಾಹಿನಿಗಳ ಹಾಗೆ ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಬೇಡಿ, ವೀಣೆಯ ಗಮಕ ಸತ್ತೇ ಹೋಗುತ್ತದೆ.

ಸಂಪರ್ಕ ತಪ್ಪಿದಾಗ ತಾನಾಗಿ ಹೊಮ್ಮುವ ಹಾಗೆ ಬದಲಿ ಧ್ವನಿಯೊಂದನ್ನು ಐಸ್‌ಕಾಸ್ಟಿನಲ್ಲಿ ಇಡಬಹುದು. ನಿಮ್ಮದೇ ತಂಬೂರಿಯ ಹತ್ತು ನಿಮಿಷ ರೆಕಾರ್ಡ್ ಮಾಡಿ ಅದಕ್ಕೆ ಕೊಡಿ. ಹಕ್ಕಿನ ತಕರಾರಿಲ್ಲ. ಕೇಳುತ್ತಿದ್ದವರು ಎದ್ದೂ ಹೋಗುವುದಿಲ್ಲ.

ವೇಳಾಪಟ್ಟಿಯಲ್ಲಿ ಒಂದು ತಮಾಷೆ. ಹಿಂದುಸ್ತಾನಿಯಲ್ಲಿ ಬೆಳಗ್ಗೆ ಭೈರವ್, ರಾತ್ರಿ ಮಾಲ್ಕೌಂಸ್ ಎಂಬ ಕ್ರಮ. ದುಬಾಯಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿಗೆ ಹೇಗೋ ಹೊಂದುತ್ತದೆ. ಅಮೆರಿಕದ ಕೇಳುಗನಿಗೆ ನಮ್ಮ ಮುಂಜಾವಿನ ಭೈರವ್ ಸಂಜೆ ಆಫೀಸಿನಿಂದ ಮನೆಗೆ ಹೋಗುವಾಗ ಬರುತ್ತದೆ. 12 ಗಂಟೆ ಬಿಟ್ಟು ಇಡೀ ಪಟ್ಟಿಯನ್ನು ಮರುಪ್ರಸಾರ ಮಾಡಿದರೆ ಹಗಲಿನದ್ದು ಅವರಿಗೂ ಹೆಚ್ಚುಕಡಿಮೆ ಹಗಲಿಗೇ ಸಿಗುತ್ತದೆ. ಆಗ ನಮ್ಮ ರಾತ್ರಿಗೆ ಬೆಳಗಿನ ರಾಗ. ಶಾಸ್ತ್ರದವರು ಕೇಳಿದರೆ ಉತ್ತರ ನೀವೇ ಹುಡುಕಿಕೊಳ್ಳಿ.

ಹಾಡಿನ ಜೊತೆ ತೆರೆಯಲ್ಲಿ ಕಾಣುವ ಸಾಲಿನಲ್ಲಿ ರಾಗ, ತಾಳ, ರಚನೆ, ಕಛೇರಿಯ ವರ್ಷ, ಪಕ್ಕವಾದ್ಯದವರ ಹೆಸರು ತಪ್ಪದೆ ಬರಲಿ. ಮೃದಂಗ ನುಡಿಸಿದವರ ಮೊಮ್ಮಗ ಎಲ್ಲೋ ಕೂತು ಅದನ್ನು ಓದುವುದಿದೆ.

ಮೂಲ ಫೈಲುಗಳ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನಂಬಿಕಸ್ಥರ ಬಳಿ ಇರಲಿ. ಒಪ್ಪಿಗೆ ಪತ್ರಗಳನ್ನು ಸ್ಕ್ಯಾನ್ ಮಾಡಿ ಅದರ ಜೊತೆಗೇ ಇಡಿ. ಸರ್ವರಿನ ಪಾಸ್‌ವರ್ಡ್, ಹಣ ಕಟ್ಟುವ ದಿನಾಂಕ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು.