ಕಿತ್ತಳೆ, ಹೇರಳೆ, ಮಾದಲ: ಮಾಗಿಯ ಹಣ್ಣುಗಳ ಪೂರ್ವೋತ್ತರ

ಮಾವು ಹಲಸುಗಳ ಸುಗ್ಗಿ ಮುಗಿದು ಬಹುಕಾಲವಾದ ಮೇಲೆ, ಮಾರ್ಗಶಿರ ಪುಷ್ಯಗಳ ಇಬ್ಬನಿಯಲ್ಲಿ, ಕನ್ನಡನಾಡಿನ ಹಿತ್ತಿಲುಗಳಿಗೆ ಬಣ್ಣ ತರುವುದು ನಿಂಬೆಯ ಕುಲದ ಮರಗಳು. ಮಾಗಿಯಲ್ಲಿ ಮಾಗುವ ಈ ಹಣ್ಣುಗಳನ್ನು ಹೊರಗಿನಿಂದ ಇತ್ತೀಚೆಗೆ ಬಂದ ಅತಿಥಿಗಳೆಂದು ಎಣಿಸುವುದು ವಾಡಿಕೆ. ಮೋಸಂಬಿಯ ಹೆಸರು ಆಫ್ರಿಕೆಯ ಮೊಜಾಂಬಿಕ್ಕನ್ನು ನೆನಪಿಸುತ್ತದೆ. ಚಕ್ಕೋತಕ್ಕೆ ಬಂಗಾಳಿಗಳು ಇಟ್ಟ ಹೆಸರು ಜಾವಾದ ಬಟಾವಿಯಾ ಪಟ್ಟಣದ್ದು. ಕಿತ್ತಳೆಯೆಂದೊಡನೆ ನಾಗಪುರದ ನೆನಪಾಗುತ್ತದೆ. ಆದರೆ ಕನ್ನಡ ಶಬ್ದಗಳು ಹೇಳುವ ಕಥೆ ಬೇರೆ.

ಹಳಗನ್ನಡದಲ್ಲಿ ಈ ಕುಲದ ಮರಕ್ಕೆ ‘ಈೞೆ’ ಎಂಬ ಹೆಸರಿದ್ದಿತು. ಕಿಱಿದಾದ ಈೞೆಯೇ ಕಿತ್ತೀೞೆಯೆನಿಸಿ, ಕ್ರಮೇಣ ಸವೆದು ಇಂದಿನ ಕಿತ್ತಳೆಯಾಯಿತು. ಪಿರಿದಾದದ್ದು ಪೇರೀೞೆ, ಪಕಾರವು ಹಕಾರವಾದ ಬಳಿಕ ಅದೇ ಹೇರಳೆ. ಮೂಲಶಬ್ದವು ಬಳಕೆಯಿಂದ ಮರೆಯಾದರೂ ಅದರ ಎರಡು ಸಮಾಸಗಳು ಮೈಸೂರಿನ ಅಡುಗೆಮನೆಯಲ್ಲಿ ಬದುಕಿ ಉಳಿದಿವೆ. ಹೇರಳೆಕಾಯಿಯ ಚಿತ್ರಾನ್ನವನ್ನು ಉಣ್ಣುವವರು ‘ಪೇರ್’ ಎಂಬ ಹಳೆಯ ವಿಶೇಷಣವನ್ನು ಅರಿಯದೆಯೇ ಉಚ್ಚರಿಸುತ್ತಾರೆ. ದೊಡ್ಡದನ್ನು ‘ಪೇರ್’ ಎಂದು ಕರೆಯುತ್ತಿದ್ದ ಕಾಲದಲ್ಲಿಯೇ, ಗಾತ್ರವನ್ನು ನೋಡಿ ಎರಡು ಬಗೆಯ ಈೞೆಗಳನ್ನು ವಿಂಗಡಿಸುವಷ್ಟು ಪರಿಚಯ ಕನ್ನಡಿಗರಿಗೆ ಇದ್ದಿತೆಂಬುದು ಇದರಿಂದ ಸಿದ್ಧವಾಗುತ್ತದೆ.

ಹೆಸರಿನ ಪ್ರಾಚೀನತೆಯು ಮರದ ಹುಟ್ಟಿಗೆ ಸಾಕ್ಷಿಯಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು. 2018ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಈ ಕುಲದ ತವರನ್ನು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಸ್ಸಾಂ, ಉತ್ತರ ಬರ್ಮಾ ಹಾಗೂ ಪಶ್ಚಿಮ ಯುನ್ನಾನ್ ಪ್ರದೇಶಗಳಲ್ಲಿ ಗುರುತಿಸಿದೆ. ಮಾದಲ, ಚಕ್ಕೋತ, ಸಣ್ಣ ಕಿತ್ತಳೆ ಇವು ಮೂಲಜಾತಿಗಳಲ್ಲಿ ಮುಖ್ಯವಾದವು. ಉಳಿದ ಪರಿಚಿತ ಹಣ್ಣುಗಳಲ್ಲಿ ಬಹುಪಾಲು ಮೂಲಜಾತಿಗಳ ಸಂಕರಸಂತಾನ. ಸಂಸ್ಕೃತದ ‘ನಾರಂಗ’ ಶಬ್ದವು ಪಾರಸಿಯ ‘ನಾರಂಗ್’ ಆಗಿ, ಅರಬ್ಬಿಯ ‘ನಾರಂಜ್’ ಆಗಿ, ಸ್ಪೇನಿನ ‘ನಾರಾಂಹಾ’ ಆಗಿ ಪಶ್ಚಿಮಕ್ಕೆ ನಡೆಯಿತು. ಇಂಗ್ಲಿಷಿನ ‘ಆರೆಂಜ್’ ಆ ಪಯಣದ ಕೊನೆಯ ತಂಗುದಾಣ. ನಾರಂಗವೇ ದ್ರಾವಿಡ ಮೂಲದ್ದಿರಬೇಕೆಂದು ಹಲವು ಭಾಷಾವಿದರು ಅಭಿಪ್ರಾಯಪಟ್ಟಿದ್ದಾರೆ.

ಮಾದಲಕ್ಕೆ ಪೂಜೆಯ ಗೌರವವೂ ಸಂದಿದೆ. ಸಂಸ್ಕೃತದಲ್ಲಿ ಇದು ಮಾತುಲುಂಗ, ಬೀಜಪೂರ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದು ಈ ಹಣ್ಣೇ. ಬೀಜಗಳಿಂದ ತುಂಬಿದ ಫಲವನ್ನು ಸಮೃದ್ಧಿಯ ಕುರುಹಾಗಿ ಕಂಡದ್ದು ಸಹಜವೇ ಆಗಿದೆ.

ಊರಿನ ಬದುಕಿನಲ್ಲಿ ಈ ಮರಗಳಿಗಿದ್ದ ಸ್ಥಾನವನ್ನು ವಿಜಯನಗರದ ವರ್ಣನೆಗಳು ತಿಳಿಸುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ರಾಜಧಾನಿಯನ್ನು ಕಂಡ ಪೋರ್ತುಗೀಸ ಪ್ರವಾಸಿ ದೊಮಿಂಗೋ ಪಾಯೆಸ್, ನೀರಿನ ಕಾಲುವೆಗಳ ಬದಿಯಲ್ಲಿ ಮಾವು, ಅಡಕೆ, ಹಲಸುಗಳೊಡನೆ ನಿಂಬೆ ಕಿತ್ತಳೆಗಳೂ ಕಾಡಿನಂತೆ ಒತ್ತಾಗಿ ಬೆಳೆದಿದ್ದುದನ್ನು ದಾಖಲಿಸಿದ್ದಾನೆ. ಪೋರ್ತುಗೀಸರು ಬಂದು ಎರಡೇ ದಶಕಗಳಾಗಿದ್ದ ಹೊತ್ತಿನಲ್ಲಿ, ಕಡಲಿನಿಂದ ಇಷ್ಟು ದೂರದಲ್ಲಿ ಬೇರೂರಿದ್ದ ತೋಪುಗಳನ್ನು ಅವರ ಕೊಡುಗೆಯೆನ್ನಲು ಬರುವಂತಿಲ್ಲ.

ಹಿತ್ತಿಲಿನಿಂದ ಹಿತ್ತಿಲಿಗೆ ಕಿತ್ತಳೆ ಹರಡಿದುದಕ್ಕೆ ಅದರ ಬೀಜದ ಗುಣವೂ ಕಾರಣ. ಒಂದೇ ಬೀಜದಿಂದ ಎರಡು ಮೂರು ಸಸಿಗಳು ಮೊಳೆಯುವುದುಂಟು. ಅವುಗಳಲ್ಲಿ ಹೆಚ್ಚಿನವು ಪರಾಗದ ನೆರವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿ ತಾಯಿಮರದ ಗುಣವನ್ನೇ ತಾಳುತ್ತವೆ. ಮಗಳ ಮನೆಗೆ ಹೋದ ನಾಲ್ಕು ಬೀಜಗಳು ತವರಿನ ಹಣ್ಣನ್ನೇ ಕೊಟ್ಟುದು ಹೀಗೆ. ಚಕ್ಕೋತದಲ್ಲಿ ಈ ಗುಣವಿಲ್ಲ. ದೇವನಹಳ್ಳಿಯ ಚಕ್ಕೋತದ ರುಚಿ ಉಳಿಯಬೇಕಾದರೆ ಕೊಂಬೆಗೆ ಗೂಟಿ ಕಟ್ಟಿ ಸಸಿ ಮಾಡಬೇಕು, ಅಥವಾ ಕಸಿ ಮಾಡಬೇಕು.

ಚಳಿಗೂ ಈ ಹಣ್ಣಿಗೂ ಇರುವ ನಂಟು ಬಣ್ಣದ್ದು. ರಾತ್ರಿಗಳು ತಂಪಾದಾಗ ಸಿಪ್ಪೆಯ ಹಸಿರು ಕರಗಿ ಹೊಂಬಣ್ಣ ಹೊರಬೀಳುತ್ತದೆ; ಸೆಕೆಯ ನಾಡಿನಲ್ಲಿ ಒಳಗೆ ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರಬಹುದು. ಮಾವಿನಂತೆ ಇದು ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಸಿಹಿಯೆಲ್ಲ ಮರದಲ್ಲಿಯೇ ಕೂಡಬೇಕು. ಪೇಟೆಗೆ ಕಾಯುವ ವ್ಯವಧಾನವಿಲ್ಲ; ಹಿತ್ತಿಲಿನ ಒಡೆಯನಿಗೆ ಅದುಂಟು.

ಈ ಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಭಾರಿ ಪೆಟ್ಟು ಬಿದ್ದಿತು. ಕಾಫಿ ಮೆಣಸುಗಳ ನಡುವೆ ಬೆಳೆದು ಕೊಡಗಿಗೆ ಕೀರ್ತಿ ತಂದಿದ್ದ, ಸಿಪ್ಪೆ ಸಡಿಲವಾದ ಕಿತ್ತಳೆಯ ಮರಗಳು ತುದಿಯಿಂದ ಒಣಗತೊಡಗಿದವು. ಸಣ್ಣ ಜಿಗಿಹುಳುವೊಂದು ಹರಡುವ ಹಸಿರುರೋಗ, ಏಫಿಡ್ ಹೇನುಗಳು ಹರಡುವ ‘ಟ್ರಿಸ್ಟೆಜಾ’ ನಂಜು, ಬೇರುಕೊಳೆ ಇವೆಲ್ಲ ಕೂಡಿ ತೋಟಗಳನ್ನು ಬರಿದುಮಾಡಿದವು. ಟ್ರಿಸ್ಟೆಜಾ ಎಂದರೆ ಪೋರ್ತುಗೀಸರ ಭಾಷೆಯಲ್ಲಿ ದುಃಖ. ಹಸಿರುರೋಗಕ್ಕೆ ಖಚಿತವಾದ ಮದ್ದು ಇಂದಿಗೂ ದೊರೆತಿಲ್ಲ. ನಿರೋಗಿ ಸಸಿಗಳನ್ನು ಬೆಳೆಸುವುದು, ಹುಳುವನ್ನು ತಡೆಯುವುದು, ರೋಗದ ಮರವನ್ನು ಕಿತ್ತುಹಾಕುವುದು ಇಷ್ಟೇ ದಾರಿ. ದೇವನಹಳ್ಳಿಯಲ್ಲಿ ಶತ್ರು ಬೇರೆ: 2008ರಲ್ಲಿ ವಿಮಾನನಿಲ್ದಾಣ ತೆರೆದ ಮೇಲೆ ಏರಿದ ನೆಲದ ಬೆಲೆ.

ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತ, 2023ರಲ್ಲಿ ಇಂಡಿಯ ನಿಂಬೆ, ಇವುಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಆ ಮನ್ನಣೆಯು ಹೆಸರನ್ನು ಕಾಯಬಲ್ಲುದು. ಮರವನ್ನು ಕಾಯುವುದು ಹಿತ್ತಿಲಿನ ಕೆಲಸ. ಹೇರಳೆ, ಕಂಚಿ, ಗಜನಿಂಬೆ, ಮಾದಲಗಳಿಗೆ ಅಂತಹ ಮನ್ನಣೆಯೂ ಇಲ್ಲ, ದೊಡ್ಡ ಪೇಟೆಯೂ ಇಲ್ಲ. ಮರಗಳು ಹೋದರೆ, ‘ಈೞೆ’ಯು ಹೋದ ದಾರಿಯಲ್ಲಿಯೇ ಈ ಹೆಸರುಗಳೂ ಹೋಗುವುವು, ಆಗ ಅವುಗಳ ಅರ್ಥವನ್ನು ಬಲ್ಲುದು ನಿಘಂಟು ಮಾತ್ರ.